ಮೂವತ್ತೆರಡನೇ ಹಕ್ಕಿಯ ದನಿ

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಗಗನಾಳ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್, ಪಹಣಿ, ಪಾಸ್‌ಪೋರ್ಟ್ ಫೋಟೋ, ಆನ್‌ಲೈನ್ ಅರ್ಜಿ ಎಂದೆಲ್ಲ ಬರೆದಿದೆ. ಸಾಫ್ಟ್‌ವೇರ್ ಎಂದು ಮಾತ್ರ ಬರೆದಿಲ್ಲ. ಬರೆದರೆ ಜನ ಒಡೆದ ಮೊಬೈಲು ಹಿಡಿದುಕೊಂಡು ಬರುತ್ತಾರೆ ಎನ್ನುವುದು ಅವಳ ಅನುಭವ. ಆದರೂ ಸುತ್ತಿನ ಹಾಲಿನ ಡೈರಿ, ಎರಡು ಸೊಸೈಟಿ, ಒಂದು ಕಲ್ಯಾಣ ಮಂಟಪ ಎಲ್ಲ ಅವಳು ಬರೆದ ಪ್ರೋಗ್ರಾಮಿನಲ್ಲೇ ನಡೆಯುತ್ತಿವೆ. ವಯಸ್ಸು ಮೂವತ್ತೆಂಟು. ಕೆಲಸದಲ್ಲಿ ಗಟ್ಟಿಗಿತ್ತಿ, ಬಾಯಿಯಲ್ಲಂತೂ ಕೇಳುವುದೇ ಬೇಡ.

ಅಂಥವಳು ಒಂದೇ ಒಂದು ವಿಷಯಕ್ಕೆ ಇವತ್ತಿಗೂ ತಲೆ ತಗ್ಗಿಸುತ್ತಾಳೆ. ಹಕ್ಕಿ ಸಿ.ಡಿ. ಅಂದರೆ ಸಾಕು, ಮಾತು ನಿಂತುಹೋಗುತ್ತದೆ.

ಇದು ೨೦೦೪ರ ಬೇಸಿಗೆ ರಜೆಯ ಮಾತು. ಆಗ ಅವಳು ಪಿಯುಸಿ ಪರೀಕ್ಷೆ ಮುಗಿಸಿ ಯೋಗೇಂದ್ರನ ಕಂಪ್ಯೂಟರ್ ಸೆಂಟರಿನಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಳು. ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಹೇಳಿಕೊಟ್ಟ ತ್ರ್ಯಂಬಕ ಮೇಷ್ಟ್ರು ಒಂದು ದಿನ ಬಗಲಲ್ಲಿ ದಪ್ಪ ಆಲ್ಬಮ್ ಇಟ್ಟುಕೊಂಡು ಅಲ್ಲಿಗೆ ಬಂದರು. ಹತ್ತು ವರ್ಷ ಕಾಡು, ತೋಟ, ಗದ್ದೆಬಯಲು ಸುತ್ತಿ ರೀಲು ಕ್ಯಾಮೆರಾದಲ್ಲಿ ತೆಗೆದ ಹಕ್ಕಿಗಳ ಫೋಟೋ. ಒಟ್ಟು ಮೂವತ್ತೆರಡು ಹಕ್ಕಿ.

"ಗಗನಾ, ಶಾಲೆಗಳಿಗೆಲ್ಲ ಈಗ ಕಂಪ್ಯೂಟರ್ ಬಂದಿದೆಯಲ್ಲ. ಮಕ್ಕಳು ಹೆಸರು ಒತ್ತಿದ್ರೆ ಹಕ್ಕಿ ಕಾಣ್ಬೇಕು, ಕೂಗ್ಬೇಕು. ಆಗ್ತದಾ ಕೂಸೇ?" ಅಂದರು.

"ಎಂತಕ್ಕೆ ಆಗಲ್ಲ ಸಾರ್!" ಅಂದಳು. ಹದಿನೆಂಟು ವರ್ಷದ ಧೈರ್ಯ, ಕೇಳಬೇಕೆ.

ಫೋಟೋ ಸ್ಕ್ಯಾನ್ ಆಯಿತು. ಕೂಗು? ಕಾಡಿಗೆ ಹೋಗಿ ರೆಕಾರ್ಡ್ ಮಾಡುವಂಥ ಯಂತ್ರ ಯಾರ ಹತ್ತಿರವಿತ್ತು? ಮೇಷ್ಟ್ರ ಗಂಟಲೇ ಯಂತ್ರ. ಅವರು ಕೆಂಬೂತದ ಹಾಗೆ ಕೂಗಿದರೆ ತೋಟದಾಚೆಯ ಕೆಂಬೂತ ಓಗೊಡುತ್ತಿತ್ತು ಎಂದು ಊರಿಗೆಲ್ಲ ಗೊತ್ತು. ಮಧ್ಯಾಹ್ನ ಸೆಂಟರಿನ ಬಾಗಿಲು ಹಾಕಿ, ಸದ್ದು ಬೀಳಬಾರದೆಂದು ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಮೈಕಿನ ಮುಂದೆ ಕೂತು ಮೇಷ್ಟ್ರು ಒಂದೊಂದೇ ಹಕ್ಕಿಯಾದರು. ಕುಟ್ರ, ಪಿಕಳಾರ, ಮಡಿವಾಳ ಹಕ್ಕಿ, ಕಾಜಾಣ, ಸಿಳ್ಳಾರ. ಅವಳಿಗೆ ನಗು ತಡೆಯುತ್ತಿರಲಿಲ್ಲ. ನಕ್ಕರೆ ರೆಕಾರ್ಡಿಂಗ್ ಹಾಳು, ಮತ್ತೆ ಮೊದಲಿಂದ. ಎಂಥ ದಿನಗಳು ಅವು! ಆಮೇಲೆ ಎಷ್ಟೋ ಪ್ರೋಗ್ರಾಮ್ ಬರೆದಳು. ಅಷ್ಟು ಖುಷಿಯಲ್ಲಿ ಒಂದನ್ನೂ ಬರೆಯಲಿಲ್ಲ.

ಯೋಗೇಂದ್ರನಿಂದ ಇಪ್ಪತ್ತನಾಲ್ಕು ಸಿ.ಡಿ. ಬರೆಸಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಶಾಲೆಗಳಿಗೆ ಕಳಿಸಿದ್ದಾಯಿತು. ಶಾಲೆ ಶುರುವಾದ ಮೇಲೆ ಮೊದಲ ಪ್ರದರ್ಶನ ಕಿಗ್ಗದಲ್ಲಿ. ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತ ಕಂಪ್ಯೂಟರಿನ ಸುತ್ತ ನಿಂತಿದ್ದರು. ಹೆಡ್‌ಮಾಸ್ಟರು ಮೌಸ್ ಹಿಡಿದು 'ಕೋಗಿಲೆ' ಒತ್ತಿದರು. ಪರದೆಯ ಮೇಲೆ ಹೆಸರು ಬಂತು, ಮೇಷ್ಟ್ರು ಬರೆದುಕೊಟ್ಟ ನಾಲ್ಕು ಸಾಲು ವಿವರವೂ ಬಂತು. ಚಿತ್ರದ ಜಾಗದಲ್ಲಿ ಖಾಲಿ ಚೌಕ, ಅದರ ನಡುವೆ ಕೆಂಪು ಗುಣಾಕಾರ ಚಿಹ್ನೆ. ದನಿಯೂ ಇಲ್ಲ. ಮಂಗಟ್ಟೆ ಒತ್ತಿದರು, ಅದೂ ಖಾಲಿ. ಮೂವತ್ತೆರಡೂ ಖಾಲಿ.

"ಎಂತ ಮಾರಾಯ್ರೆ, ಹಕ್ಕಿ ಎಲ್ಲ ಹಾರಿ ಹೋದ್ವಾ?" ಎಂದು ಯಾರೋ ನಕ್ಕರು.

ಆಗಿದ್ದೇನು ಎಂದರೆ ಇಷ್ಟೇ. ಪ್ರೋಗ್ರಾಮ್ ಅನ್ನುವುದು ಕೆಲಸದಾಳಿಗೆ ಬರೆದುಕೊಟ್ಟ ಚೀಟಿ ಇದ್ದ ಹಾಗೆ. 'ಕಪಾಟಿನ ಎರಡನೇ ಖಾನೆಯಿಂದ ಕೋಗಿಲೆ ಚಿತ್ರ ತೆಗೆ, ತೋರಿಸು' ಎಂದು ಗಗನಾ ಬರೆದಿದ್ದಳು. ಆದರೆ ಅದು ಯೋಗೇಂದ್ರನ ಕಂಪ್ಯೂಟರಿನ ಕಪಾಟು. ಕಿಗ್ಗದ ಕಂಪ್ಯೂಟರಿನಲ್ಲಿ ಆ ಕಪಾಟೂ ಇಲ್ಲ, ಖಾನೆಯೂ ಇಲ್ಲ. ಅವಳು ಸಿ.ಡಿ.ಗೆಂದು ಕೊಟ್ಟಿದ್ದು ಚೀಟಿಯನ್ನು ಮಾತ್ರ. ಚಿತ್ರ, ದನಿ ಎಲ್ಲ ಜೊತೆಗೆ ಕಟ್ಟಿ ಕಳಿಸಬೇಕು ಎನ್ನುವ ಬುದ್ಧಿ ಹೊಳೆದಿರಲಿಲ್ಲ. ಸೆಂಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತಲ್ಲ, ಮತ್ತೇನು ಬೇಕು ಅಂದುಕೊಂಡಿದ್ದಳು ಹುಡುಗಿ.

ಮೇಷ್ಟ್ರು ಅವಳತ್ತ ನೋಡಲೇ ಇಲ್ಲ. ಚೀಲದಿಂದ ಆಲ್ಬಮ್ ತೆಗೆದು ಕಂಪ್ಯೂಟರಿನ ಪಕ್ಕ ನಿಂತರು. "ಮಕ್ಕಳೇ, ಈ ಕಂಪ್ಯೂಟರಿಗೆ ಹೊಸಬರನ್ನ ಕಂಡ್ರೆ ನಾಚಿಕೆ. ಅದು ಹೆಸರು ತೋರಿಸ್ಲಿ, ಹಕ್ಕಿ ನಾ ತೋರಿಸ್ತೆ" ಎಂದು ಫೋಟೋ ಎತ್ತಿ ಹಿಡಿದು ಕೋಗಿಲೆಯಾಗಿ ಕೂಗಿದರು. ಮಕ್ಕಳು ಹೋ ಎಂದರು. ಗಗನಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಎರಡನೇ ಹಕ್ಕಿಗೇ ಹೊರಗೆ ಓಡಿ ಬಸ್ ನಿಲ್ಲುವ ಕಡೆ ಹೋಗಿ ಕೂತು ಅತ್ತಳು.

ಒಂದು ಗಂಟೆಯ ಮೇಲೆ ಮೇಷ್ಟ್ರು ಬಂದರು. "ಬಾ ಕೂಸೇ, ಬಸ್ ಬಂತು" ಅಂದರು, ಅಷ್ಟೇ. ಶೃಂಗೇರಿಯಲ್ಲಿ ಇಳಿದು ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್ ತಿನ್ನಿಸಿದರು.

"ಮುಂದಿನ ಸಲ ಸರಿಯಾಗಿ ಮಾಡ್ತೀನಿ ಸಾರ್" ಅಂದಳು.

"ಆಗ್ಲಿ, ಮಾಡು."

ಮುಂದಿನ ಸಲ ಬರಲೇ ಇಲ್ಲ. ಅದೇ ವಾರ ಸಿಡಿಲು ಬಡಿದು ಸೆಂಟರಿನ ಕಂಪ್ಯೂಟರು ಸುಟ್ಟುಹೋಯಿತು. ಅದರೊಳಗಿದ್ದ ಫೋಟೋ, ದನಿ ಎಲ್ಲ ಹೋಯಿತು. ಅವಳು ತನ್ನ ಪಾಲಿನ ಸಿ.ಡಿ.ಯನ್ನು ಎರಡು ತುಂಡು ಮಾಡಿ ಬಚ್ಚಲೊಲೆಗೆ ಹಾಕಿದಳು. ಮೇಷ್ಟ್ರು ಮಾತ್ರ ಶನಿವಾರ ಶನಿವಾರ ಶಾಲೆ ಬಿಟ್ಟ ಮೇಲೆ ಆಲ್ಬಮ್ ಚೀಲ ಹೆಗಲಿಗೇರಿಸಿ ಬಸ್ ಹತ್ತುತ್ತಿದ್ದರು. ಸಿ.ಡಿ. ಹೋದ ಶಾಲೆಗೆಲ್ಲ ಹೋಗಿ, ಕಂಪ್ಯೂಟರಿನ ಪಕ್ಕ ನಿಂತು, ಅದು ತೋರಿಸದ್ದನ್ನು ತೋರಿಸಿ, ಕೂಗದ್ದನ್ನು ಕೂಗಿ ಬಂದರು. ಮೊದಲೆರಡು ವಾರ "ಬತ್ತೀಯಾ ಕೂಸೇ?" ಎಂದು ಕರೆದರು. ಅವಳು ಜ್ವರ, ನೆಂಟರು ಎಂದೆಲ್ಲ ನೆಪ ಹೇಳಿದಳು. ಮೂರನೇ ವಾರ ಅವರು ಕರೆಯಲಿಲ್ಲ.

ಇಪ್ಪತ್ತು ವರ್ಷ ಕಳೆಯಿತು. ಎರಡು ವರ್ಷದ ಹಿಂದೆ ಮೇಷ್ಟ್ರಿಗೆ ಗಂಟಲಿನ ಕಾಯಿಲೆ ಬಂತು. ಮಣಿಪಾಲದಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಹರಿಹರಪುರದ ಮನೆಯ ಜಗಲಿಯಲ್ಲಿ ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿರುತ್ತಾರೆ, ತೊಡೆಯ ಮೇಲೆ ಒಂದು ಸ್ಲೇಟು. ಹೇಳಬೇಕಾದ್ದನ್ನು ಅದರಲ್ಲಿ ಬರೆಯುತ್ತಾರೆ. ನೋಡಲು ಹೋದ ದಿನ ಗಗನಾ ವಾಪಸು ಬರುತ್ತ ಸ್ಕೂಟಿ ನಿಲ್ಲಿಸಿ ದಾರಿಯಲ್ಲೇ ಅತ್ತಳು. ಅಲ್ಲ, ಆ ಗಂಟಲನ್ನು ಹಿಡಿದಿಡಲು ಸಿಕ್ಕ ಒಂದೇ ಅವಕಾಶ ತನ್ನ ಕೈಯಲ್ಲಿತ್ತು, ತಾನು ಅದನ್ನು ಕಟ್ಟದೆ ಬಿಟ್ಟೆನಲ್ಲ! ಯಾರಿಗೆ ಹೇಳಿಕೊಳ್ಳುವುದು ಇದನ್ನು?

ಹೀಗಿರುವಾಗ ಈ ವರ್ಷ ಕಿಗ್ಗ ಶಾಲೆಯ ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಹನ್ನೆರಡು ಟ್ಯಾಬ್ಲೆಟ್ ಕೊಡಿಸಿದರು. "ಅಲ್ಲಿ ನೆಟ್‌ವರ್ಕ್ ಸಿಗಲ್ಲ ಮೇಡಂ. ನೆಟ್ ಇಲ್ದೆ ನಡೆಯೋ ಹಂಗೆ, ನಮ್ಮೂರಿಂದೇ ಏನಾದ್ರೂ ಮಾಡಿ ಹಾಕಿಕೊಡಿ" ಎಂದು ಗಗನಾಳ ಅಂಗಡಿಗೆ ಬಂದರು. ಅವಳ ಬಾಯಿಂದ ತಾನಾಗಿಯೇ ಬಂತು: "ಹಕ್ಕಿ ಮಾಡ್ತೀನಿ."

ಹರಿಹರಪುರಕ್ಕೆ ಹೋಗಿ ಆಲ್ಬಮ್ ಕೇಳಿದಳು. ಮೇಷ್ಟ್ರು ಸ್ಲೇಟಿನಲ್ಲಿ 'ಮುಂದಿನ ಸಲ ಈಗ ಬಂತಾ?' ಎಂದು ಬರೆದು ತೋರಿಸಿ ಕಣ್ಣಲ್ಲೇ ನಕ್ಕರು. ಅಯ್ಯೋ, ನೆನಪಿದೆ ಇವರಿಗೆ! ಫೋಟೋಗಳನ್ನು ಮತ್ತೆ ಸ್ಕ್ಯಾನ್ ಮಾಡಿ ಆಲ್ಬಮ್ ವಾಪಸು ಕೊಟ್ಟಳು. ದನಿಯ ವಿಷಯ ಅವರೂ ಕೇಳಲಿಲ್ಲ, ಅವಳೂ ಎತ್ತಲಿಲ್ಲ.

ಪ್ರತಿ ಹಕ್ಕಿಗೂ ಮೇಷ್ಟ್ರು ಆಗ ಬರೆದಿದ್ದ ನಾಲ್ಕು ನಾಲ್ಕು ಸಾಲು ಬೇಕಿತ್ತು. ಆ ಬರಹ ಪ್ರೋಗ್ರಾಮಿನ ಒಳಗೇ ಇತ್ತು, ಅಂದರೆ ಹಳೆಯ ಸಿ.ಡಿ. ಎಲ್ಲಾದರೂ ಉಳಿದಿದ್ದರೆ ಸಿಕ್ಕೀತು. ಶಾಲೆ ಶಾಲೆಗೆ ಫೋನ್ ಮಾಡಿದಳು. 'ಸಿ.ಡಿ. ಅಂದ್ರೆ ಎಂತದು?' ಎಂದು ಕೇಳಿದ ಹೊಸ ಟೀಚರುಗಳೂ ಇದ್ದರು. ಒಂದು ಕಡೆ ಇದೆ ಎಂದರು. ಸ್ಕೂಟಿ ಓಡಿಸಿಕೊಂಡು ಹೋದರೆ ಅದು ಶಾಲೆಯ ತರಕಾರಿ ತೋಟದಲ್ಲಿ ದಾರಕ್ಕೆ ಜೋತಾಡುತ್ತಿತ್ತು. "ಫಳಫಳ ಹೊಳೀತದಲ್ಲ ಮೇಡಂ, ಹಕ್ಕಿ ಹತ್ರ ಬರಲ್ಲ" ಎಂದರು ಅಡುಗೆಯವರು. ಹಕ್ಕಿಗಾಗಿ ಮಾಡಿದ ಸಿ.ಡಿ. ಹಕ್ಕಿ ಓಡಿಸುತ್ತಿತ್ತು! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ಶೆಟ್ಟಿಕೊಪ್ಪದ ಶಾಲೆಯ ಕಪಾಟಿನಲ್ಲಿ ಒಂದು ಸಿಕ್ಕಿತು. ಡಬ್ಬಿಯ ಮೇಲೆ ಮೇಷ್ಟ್ರ ಕೈಬರಹ, ಒಳಗೆ ಸಿ.ಡಿ. ಒಂದು ಗೀರೂ ಇಲ್ಲದೆ ಮಲಗಿತ್ತು.

ಅದನ್ನು ಹಾಕಿ ನೋಡಲು ಈಗಿನ ಯಾವ ಲ್ಯಾಪ್‌ಟಾಪಿನಲ್ಲಿ ಜಾಗವಿದೆ? ಯೋಗೇಂದ್ರನ ಹತ್ತಿರ ಹೋದಳು. ಅವನು ಸೆಂಟರ್ ಮುಚ್ಚಿ ಹದಿನೈದು ವರ್ಷವಾಯಿತು; ಈಗ ಅದೇ ಕಟ್ಟಡದಲ್ಲಿ ಔಷಧಿ ಹೊಡೆಯುವ ಪಂಪು, ಪೈಪು ಮಾರುತ್ತಾನೆ. ಹಳೆಯದೇನನ್ನೂ ಎಸೆಯುವ ಜಾತಿಯಲ್ಲ. ಅಟ್ಟ ಹತ್ತಿ ಧೂಳು ಹಿಡಿದ ಸಿ.ಡಿ. ಡ್ರೈವ್ ಇಳಿಸಿ, ವಯರು ಸಿಕ್ಕಿಸಿ, "ನಡೀತದೆ ಮಾರಾಯ್ತಿ, ನೋಡು" ಎಂದ. ಡ್ರೈವು ಗರ್ ಎಂದು ತಿರುಗಿತು.

ಗಗನಾ ಅದರೊಳಗೆ ಇರುವ ಫೈಲುಗಳ ಪಟ್ಟಿ ತೆರೆದಳು. ಹೀಗೆ ತೆರೆದು ನೋಡಿದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಆಗ ಶಾಲೆಗಳಲ್ಲಿ ಸಿ.ಡಿ. ಹಾಕಿದೊಡನೆ ಪ್ರೋಗ್ರಾಮ್ ತಾನೇ ಶುರುವಾಗುತ್ತಿತ್ತು. ಒಳಗೆ ಇಣುಕುವ ಗೊಡವೆ ಯಾರಿಗೂ ಇರಲಿಲ್ಲ. ಅವಳಂತೂ ನಾಚಿಕೆಯಿಂದ ಅದರ ಮುಖವನ್ನೇ ನೋಡಿರಲಿಲ್ಲ. ಪ್ರೋಗ್ರಾಮಿನ ಫೈಲು ಅಲ್ಲಿತ್ತು. ಅದರ ಕೆಳಗೆ ಇನ್ನೊಂದು ಫೋಲ್ಡರ್ ಇತ್ತು. ಒತ್ತಿದಳು. ಫೋಟೋ ಫೈಲುಗಳ ಸಾಲು. ಇನ್ನೂ ಕೆಳಗೆ ಧ್ವನಿ ಫೈಲುಗಳ ಸಾಲು.

"ಯೋಗಣ್ಣ... ಇದನ್ನ ಯಾರು ಹಾಕಿದ್ದು?"

ಯೋಗೇಂದ್ರ ಕನ್ನಡಕ ಏರಿಸಿ ನೋಡಿದ. "ಓ, ಇದಾ! ನಾನೇ ಹಾಕಿದ್ದು. ನೀ ಕೊಟ್ಟಿದ್ದು ಒಂದು ಚೂರು ಪ್ರೋಗ್ರಾಮ್. ಸಿ.ಡಿ. ತುಂಬ ಜಾಗ ಖಾಲಿ ಉಳೀತದೆ ಸಾರ್ ಅಂದೆ. ಮೇಷ್ಟ್ರು ಬಿಡ್ತಾರಾ? 'ಖಾಲಿ ಪಾತ್ರೆ ಯಾರಾದ್ರೂ ಕಳಿಸ್ತಾರೇನೋ? ನಮ್ಮನೇಲಿ ಪಕ್ಕದವರ ಲೋಟ ವಾಪಸು ಕೊಡೋದಿದ್ರೂ ಒಂದು ಚೂರು ಬೆಲ್ಲ ಹಾಕಿ ಕೊಡ್ತಾರೆ. ಎಂತಾದ್ರೂ ಹಾಕು' ಅಂದ್ರು. ಎಂತ ಹಾಕೋದು? ನಿಮ್ಮ ಫೋಲ್ಡರ್ ಇತ್ತಲ್ಲ, ಇಡೀಗೆ ಎಳೆದು ಹಾಕ್ದೆ. ಎಂತ ಹಾಕ್ದೆ ಅಂತ ಅವರೂ ಕೇಳ್ಲಿಲ್ಲ. ಯಾಕೆ, ತಪ್ಪಾಯ್ತಾ?"

ಗಗನಾ ಫೈಲುಗಳ ಸಾಲನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ನೋಡಿದಳು. ಇಪ್ಪತ್ತನಾಲ್ಕು ಸಿ.ಡಿ.ಯಲ್ಲೂ ಹಕ್ಕಿಗಳು ಇದ್ದವು. ಚೀಟಿಯಲ್ಲಿ ಬರೆದ ವಿಳಾಸವೊಂದು ತಪ್ಪು, ಅಷ್ಟೇ. ಅಷ್ಟು ಶನಿವಾರ ಮೇಷ್ಟ್ರು ಯಾವ ಕಂಪ್ಯೂಟರಿನ ಪಕ್ಕ ನಿಂತು ಗಂಟಲು ಹರಿಯುವಂತೆ ಕೂಗಿದರೋ ಅದರ ಹೊಟ್ಟೆಯಲ್ಲೇ ಅವರ ದನಿ ಇತ್ತು. ಬಚ್ಚಲೊಲೆಗೆ ಹಾಕಿದ ಸಿ.ಡಿ.ಯಲ್ಲೂ ಇತ್ತು.

ಒಂದು ಧ್ವನಿ ಫೈಲ್ ಒತ್ತಿದಳು. ಪಂಪು ಪೈಪುಗಳ ನಡುವೆ ಸಿಳ್ಳಾರ ಹಾಡಿತು. ಆಮೇಲೆ ಮೇಷ್ಟ್ರ ಮಾತು, ದಪ್ಪ ದನಿ: "ಆಯ್ತನೇ? ನಗಬೇಡ, ನಗಬೇಡ, ಮತ್ತೆ ಮಾಡ್ತೆ." ಹಿಂದೆಯೇ ಹದಿನೆಂಟು ವರ್ಷದ ಗಗನಾಳ ಕಿಲಕಿಲ. ಇನ್ನೊಂದರಲ್ಲಿ ಬಾಗಿಲು ತೆರೆದ ಸದ್ದು, ಪೇಟೆಗೆ ಬಂದಿದ್ದ ಮೇಷ್ಟ್ರ ಹೆಂಡತಿ ವೆಂಕಮ್ಮನ ದನಿ: "ಎಂತ ನಿಮ್ಮ ಅವತಾರ! ರಸ್ತೆವರೆಗೂ ಕೇಳ್ತದೆ, ಜನ ನಿಂತು ನೋಡ್ತಾ ಇದಾರೆ." ಯೋಗೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಗಗನಾ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಣಿಸಿದಳು. ಫೋಟೋ ಮೂವತ್ತೆರಡು, ದನಿ ಮೂವತ್ತೊಂದು. ಮರಕುಟಿಗದ್ದು ಇಲ್ಲ. ಕೊನೆಯ ಫೈಲಿನ ತುದಿಯಲ್ಲಿ ಮೇಷ್ಟ್ರು ನಾಲಿಗೆ ಉರುಳಿಸಿ 'ಟ್ರ್‌ರ್' ಎಂದು ಪ್ರಯತ್ನಪಟ್ಟು, "ಊಹುಂ, ಇದು ಬಾಯಲ್ಲಿ ಬರೂದಿಲ್ಲೆ. ಮರಕುಟಿಗ ನಾಳೆ ಮಾಡುವ ಕೂಸೇ" ಎಂದಿದ್ದರು. ಆ ನಾಳೆ ಮರೆತೇಹೋಗಿತ್ತು ಇಬ್ಬರಿಗೂ.

"ಇಂಟರ್ನೆಟ್ಟಲ್ಲಿ ಸಾವಿರ ಮರಕುಟಿಗ ಸಿಗ್ತವೆ, ಒಂದು ಹಾಕು" ಎಂದ ಯೋಗೇಂದ್ರ. ಅವಳಿಗೆ ಮನಸ್ಸು ಒಪ್ಪಲಿಲ್ಲ. ಮೇಷ್ಟ್ರನ್ನು ಕೇಳೋಣವೆಂದರೆ, ದನಿಯೇ ಇಲ್ಲದವರ ಮುಂದೆ ಹೋಗಿ ಒಂದು ಕೂಗು ಕೊಡಿ ಎನ್ನುವುದು ಹೇಗೆ? ಆ ಒಂದು ಜಾಗ ಖಾಲಿಯೇ ಇರಲಿ ಎಂದು ಬಿಟ್ಟಳು.

ಈ ಸಲ ಅವಳು ಆ್ಯಪ್ ಮಾಡಿದ ರೀತಿ ನೋಡಬೇಕಿತ್ತು. ಪ್ರತಿ ಫೋಟೋ, ಪ್ರತಿ ದನಿ ಆ್ಯಪಿನ ಒಳಗೇ ಸೇರಿಸಿ ಒಂದೇ ಗಂಟು ಕಟ್ಟಿದಳು. ಅಂಗಡಿಯ ಇಂಟರ್ನೆಟ್ ಆರಿಸಿ ನೋಡಿದಳು. ಗಂಡನ ಫೋನಿಗೆ ಹಾಕಿ ಅವನನ್ನು ಪೇಟೆಯಾಚೆ ಕಳಿಸಿ, "ಕೂಗ್ತಾ?" ಎಂದು ಕೇಳಿದಳು. ಪಾಪ, ಅವನು ಒಂದು ವಾರ ಕೆಂಬೂತ ಕೂಗಿಸುತ್ತ ಊರೆಲ್ಲ ತಿರುಗಿದ. ದನಿ ಸಿಕ್ಕ ಸುದ್ದಿಯನ್ನು ಮಾತ್ರ ಹರಿಹರಪುರಕ್ಕೆ ಮುಟ್ಟಿಸಲಿಲ್ಲ.

ಡಿಸೆಂಬರಿನ ಒಂದು ಶನಿವಾರ, ಕಿಗ್ಗ ಶಾಲೆ. ಅದೇ ಕೋಣೆ. ಮೇಷ್ಟ್ರೂ ವೆಂಕಮ್ಮನೂ ಬಂದಿದ್ದರು. ಮೇಷ್ಟ್ರ ಹೆಗಲಲ್ಲಿ ಅದೇ ಚೀಲ. ಅದರಿಂದ ಇಣುಕುತ್ತಿದ್ದ ಆಲ್ಬಮ್ ಕಂಡು ಗಗನಾ ವೆಂಕಮ್ಮನ ಮುಖ ನೋಡಿದಳು.

"ನಾ ಬೇಡ ಅಂದೆ. ಕೇಳ್ಬೇಕಲ್ಲ? 'ಇರ್ಲಿ, ಏನಾದ್ರೂ ಆದ್ರೆ' ಅಂತ ಸ್ಲೇಟಲ್ಲಿ ಬರೆದು ತೋರಿಸ್ತಾರೆ" ಎಂದರು ವೆಂಕಮ್ಮ.

ಮಕ್ಕಳಿಗೆ ಟ್ಯಾಬ್ಲೆಟ್ ಹಂಚಿದರು. ಮೇಷ್ಟ್ರು ಅಭ್ಯಾಸಬಲದಿಂದ ಎದ್ದು, ಒಬ್ಬ ಹುಡುಗಿಯ ಪಕ್ಕ ನಿಂತು, ಆಲ್ಬಮ್ ಅರ್ಧ ತೆರೆದು ಹಿಡಿದರು. ಹುಡುಗಿ ಕೋಗಿಲೆ ಒತ್ತಿದಳು. ಅವರೇ ತೆಗೆದ ಫೋಟೋ ಪರದೆಯ ತುಂಬ ಬಂತು. ಅವರದೇ ಗಂಟಲಿನಿಂದ ಕೋಗಿಲೆ ಕೂಗಿತು.

ಮೇಷ್ಟ್ರ ಕೈ ತಾನಾಗಿ ಕತ್ತಿನ ಬಿಳಿ ಬಟ್ಟೆಗೆ ಹೋಯಿತು. ಗಗನಾಳತ್ತ ನೋಡಿದರು. ವೆಂಕಮ್ಮ ಕೂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು, "ಇವರದೇ... ಇವರದೇ ದನಿ... ನಾ ಎರಡು ವರ್ಷದಿಂದ..." ಎಂದು ಅತ್ತುಬಿಟ್ಟರು. ಮಕ್ಕಳಿಗೆ ಇದೆಲ್ಲ ಏನು ಗೊತ್ತು? ಹನ್ನೆರಡು ಟ್ಯಾಬ್ಲೆಟ್ಟಿನಲ್ಲಿ ಹನ್ನೆರಡು ಹಕ್ಕಿ ಒಟ್ಟಿಗೆ ಕೂಗತೊಡಗಿದವು.

ಆಗಲೇ ಒಬ್ಬಳು ಕೈ ಎತ್ತಿದಳು. "ಟೀಚರ್, ಇದು ಹಾಳಾಗಿದೆ. ಮರಕುಟಿಗ ಕೂಗಲ್ಲ."

ಗಗನಾಳ ಮುಖ ಹದಿನೆಂಟರ ಹುಡುಗಿಯದಾಯಿತು. "ಅದು... ಅದೊಂದು ಇಲ್ಲ ಪುಟ್ಟಾ" ಎಂದು ತೊದಲಿದಳು. ಕಾಲು ಬಾಗಿಲ ಕಡೆ ಎಳೆಯುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ಮೇಷ್ಟ್ರು ಆಲ್ಬಮನ್ನು ಬೆಂಚಿನ ಮೇಲಿಟ್ಟರು. ಸ್ಲೇಟು ತೆಗೆದು ನಿಧಾನವಾಗಿ ಬರೆದು ಅವಳೊಬ್ಬಳಿಗೆ ತೋರಿಸಿದರು.

'ಇದಕ್ಕೆ ಗಂಟಲು ಬೇಡ. ಎಲ್ಲ ಶಾಲೆಯಲ್ಲೂ ಮಾಡಿ ತೋರಿಸಿದ್ದೆ. ನೀನು ಇರಲಿಲ್ಲ.'

ಅವಳು ಓದಿದಳು. ಎರಡನೇ ಸಲ ಓದಲು ಕಣ್ಣು ಬಿಡಲಿಲ್ಲ. ಇಪ್ಪತ್ತು ವರ್ಷ ಅವರು ಒಂದು ಮಾತು ಅನ್ನಲಿಲ್ಲ. ಈಗ ಅಂದದ್ದೂ ಇಷ್ಟೇ. "ತಪ್ಪಾಯ್ತು ಸಾರ್. ಬರಬೇಕಿತ್ತು ನಾನು" ಎಂದಳು. ಎಲ್ಲರೆದುರೇ ಅಂದಳು.

ಮೇಷ್ಟ್ರು ಫೋನ್ ತೆಗೆ ಎಂದು ಸನ್ನೆ ಮಾಡಿದರು. ಬೆಂಚಿನ ಹಲಗೆಯನ್ನು ಅಲ್ಲಲ್ಲಿ ತಟ್ಟಿ ನೋಡಿ, ಟೊಳ್ಳಾಗಿ ಸದ್ದು ಕೊಡುವ ಜಾಗ ಹುಡುಕಿ, ತುಟಿಯ ಮೇಲೆ ಬೆರಳಿಟ್ಟು ಮಕ್ಕಳನ್ನು ಸುಮ್ಮನಾಗಿಸಿದರು. ಯಾರೋ ಫ್ಯಾನ್ ಆರಿಸಿದರು. ಗಗನಾ ಫೋನನ್ನು ಹಲಗೆಯ ಹತ್ತಿರ ಹಿಡಿದಳು. ಮೇಷ್ಟ್ರು ಎರಡೂ ಕೈಯ ಗೆಣ್ಣು ಮಡಚಿ ಕುಟ್ಟಿದರು. ಟರ್‌ರ್‌ರ್‌ರ್. ನಿಲ್ಲಿಸಿ, ತಲೆ ಓರೆ ಮಾಡಿ ಆಲಿಸಿ, ಮತ್ತೆ ಕುಟ್ಟಿದರು. ಒಬ್ಬ ಹುಡುಗ ಕಿಟಕಿಯಾಚೆ ಮರದ ಕಡೆ ತಿರುಗಿ ನೋಡಿದ.

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಗಗನಾ ಮೂವತ್ತೆರಡನೇ ದನಿಯನ್ನು ಸೇರಿಸಿ ಗಂಟನ್ನು ಮತ್ತೆ ಕಟ್ಟಿದಳು. ಒಂದೊಂದೇ ಟ್ಯಾಬ್ಲೆಟ್ಟಿಗೆ ವಯರು ಸಿಕ್ಕಿಸಿ ಹಾಕಿದಳು. ಮೇಷ್ಟ್ರು ಸ್ಲೇಟು ತೋರಿಸಿದರು: 'ಎಲ್ಲದಕ್ಕೂ?'

"ಎಲ್ಲದಕ್ಕೂ ಸಾರ್. ಈ ಸಲ ಒಳಗೇ ಇದೆ."

ಅವರಿಗೆ ಅಷ್ಟಕ್ಕೇ ನಂಬಿಕೆ ಬರುತ್ತದೆಯೇ? ಒಂದು ಟ್ಯಾಬ್ಲೆಟ್ ಎತ್ತಿಕೊಂಡು ಕೋಣೆಯಿಂದ ಹೊರಗೆ, ಅಂಗಳ ದಾಟಿ, ಗೇಟಿನಾಚೆ, ಹಿಂದೆ ಅವಳು ಕೂತು ಅತ್ತಿದ್ದ ಜಾಗದವರೆಗೂ ಹೋದರು. ಅಲ್ಲಿ ನಿಂತು ಒತ್ತಿದರು. ಗಗನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೇಷ್ಟ್ರು ಟ್ಯಾಬ್ಲೆಟ್ಟನ್ನು ಕಿವಿಗೆ ಹಿಡಿದು, ಭುಜ ಕುಲುಕಿಸುತ್ತ ನಕ್ಕರು. ಸದ್ದಿಲ್ಲದ ನಗು, ಆದರೂ ಅಂಗಳದ ಈಚೆಗೆ ಪೂರ್ತಿ ಕಾಣುತ್ತಿತ್ತು.

ಹೊರಡುವಾಗ ವೆಂಕಮ್ಮ ಚೀಲ ಎತ್ತಿ, "ಎಂತ, ಇಷ್ಟು ಹಗುರ? ಆಲ್ಬಮ್ ಎಲ್ಲಿ?" ಎಂದರು. ಆಲ್ಬಮ್ ಗಗನಾಳ ಕೈಯಲ್ಲಿತ್ತು. ಮೇಷ್ಟ್ರು ಸ್ಲೇಟಿನಲ್ಲಿ, 'ಇನ್ನು ನಾನು ಹೊರುವುದು ಬೇಡ' ಎಂದು ಬರೆದರು.

ಗಗನಾ ಕಣ್ಣೊರೆಸಿಕೊಂಡು ತನ್ನ ಬ್ಯಾಗು ತಡಕಾಡಿದಳು. ಬುತ್ತಿಗೆಂದು ತಂದಿದ್ದ ಎರಡು ಕಿತ್ತಳೆ ಹಣ್ಣು ಸಿಕ್ಕಿತು. ಖಾಲಿ ಚೀಲಕ್ಕೆ ಎರಡನ್ನೂ ಹಾಕಿ ಮೇಷ್ಟ್ರ ಹೆಗಲಿಗೆ ಕೊಟ್ಟಳು.

"ಬನ್ನಿ ಸಾರ್, ಬಸ್ ಬಂತು" ಎಂದಳು. "ಶೃಂಗೇರಿಯಲ್ಲಿ ಇಳಿದು ಬನ್ಸ್ ತಿನ್ನುವ."